ಮೊದಲು ಪಟ್ಟಿಯ ಬೀಗ

ಹೊಸ ಕಂಪ್ಯೂಟರು ಮೊದಲ ಸಲ ನಿಂತಾಗ ನಾನು ಅದರ ಮುಂದೆಯೇ ಕೂತಿದ್ದೆ. ಸಂಡೂರಿನ ಗುಡ್ಡದ ಮೇಲೆ, ಅದಿರಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಪಕ್ಕದ ತಗಡಿನ ಕೋಣೆ ಅದು. ನಿಂತಿತು ಎಂದರೆ ಆರಿಹೋಯಿತು ಎಂದಲ್ಲ. ಫ್ಯಾನು ತಿರುಗುತ್ತಲೇ ಇತ್ತು, ಪರದೆಯ ಮೇಲಿನ ಅಕ್ಷರಗಳು ಇದ್ದಲ್ಲೇ ಇದ್ದವು. ಆದರೆ ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ದೊಡ್ಡಕ್ಷರದ ಕೀಲಿ ಒತ್ತಿದರೆ ಕೀಬೋರ್ಡಿನ ಮೂಲೆಯಲ್ಲಿ ಒಂದು ಹಸಿರು ದೀಪ ಹತ್ತಬೇಕು. ಒತ್ತಿದೆ, ಹತ್ತಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಆ ದೀಪವೂ ಹತ್ತುವುದಿಲ್ಲ ಎಂದರೆ ಯಂತ್ರದ ತೀರಾ ಒಳಗಿನ ಭಾಗ, ಕರ್ನಲ್ ಅಂತೀವಲ್ಲ, ಅದೇ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ಅರ್ಥ.

"ಏನಾತ್ರೀ ಮೇಡಂ?" ಎಂದರು ನನ್ನ ಹಿಂದೆ ಕೂತಿದ್ದ ವೈರ್‌ಲೆಸ್ ಆಪರೇಟರು.

"ನಿಂತುಬಿಟ್ಟೈತ್ರಿ ಅಣ್ಣಾರ."

"ಹೊರಗ ಲಾರಿ ಸಾಲುಗಟ್ಟ್ಯಾವು. ಒಳಗ ಇದೂ ನಿಂತ್ರ ಹೆಂಗ್ರೀ?"

ಅವರು ಐವತ್ತು ದಾಟಿದವರು, ಕಂಪ್ಲಿ ಕಡೆಯ ಎಮ್ಮಿಗನೂರಿನವರು. ಬೆಳಿಗ್ಗೆ ಹಣೆಗೆ ಹಚ್ಚಿಕೊಂಡು ಬಂದ ವಿಭೂತಿ ಮಧ್ಯಾಹ್ನದೊಳಗೆ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ಆ ವರ್ಷಗಳಲ್ಲಿ ಅಲ್ಲಿ ಕೆಂಪಾಗದ ವಸ್ತು ಇರಲಿಲ್ಲ. ಟಿಫಿನ್ ಡಬ್ಬಿ, ಕಿಟಕಿಯ ಸರಳು, ನನ್ನ ದುಪಟ್ಟಾದ ಅಂಚು, ಕೀಬೋರ್ಡಿನ ಸಂದುಗಳು ಎಲ್ಲವೂ ಒಂದೇ ಬಣ್ಣ. ನಾನು ಹೊಸಪೇಟೆಯಿಂದ ಬರುತ್ತಿದ್ದೆ. ಊರಲ್ಲೇ ಪಾಲಿಟೆಕ್ನಿಕ್ ಓದಿ, ಅದಿರು ಸಾಗಿಸುವ ಒಂದು ಸಣ್ಣ ಕಂಪನಿಯಲ್ಲಿ ಕಂಪ್ಯೂಟರಿನ ಕೆಲಸಕ್ಕೆ ಸೇರಿದ್ದೆ. ಕಂಪನಿಗೆಲ್ಲ ಕಂಪ್ಯೂಟರು ತಿಳಿದವಳು ನಾನೊಬ್ಬಳೇ, ಹಾಗಾಗಿ ಎಲ್ಲರೂ ನನ್ನನ್ನು ಮೇಡಂ ಅನ್ನುತ್ತಿದ್ದರು.

ಕೆಲಸ ಇಷ್ಟು. ಗುಡ್ಡದ ಮೇಲೆ ಲಾರಿ ತೂಗಿದ ಕೂಡಲೇ ಅದರ ನಂಬರು, ತೂಕ, ಅದಿರಿನ ದರ್ಜೆ ಒಂದು ಸಂದೇಶವಾಗಿ ಹೊಸಪೇಟೆಯ ರೈಲು ಯಾರ್ಡಿಗೆ ಹೋಗಬೇಕು. ಯಾವ ರಾಶಿಗೆ ಸುರಿಯಬೇಕು ಎಂಬ ಉತ್ತರ ಅಲ್ಲಿಂದ ಬರಬೇಕು. ಉತ್ತರ ಬಂದ ಮೇಲೆಯೇ ಲಾರಿ ಹೊರಡುವುದು. ಸಂದೇಶ ಹೋಗಲಿಕ್ಕೆ ಎರಡು ದಾರಿ ಇದ್ದವು: ಗುಡ್ಡದ ತುದಿಯ ಟವರಿನಿಂದ ರೇಡಿಯೋ, ಇಲ್ಲದಿದ್ದರೆ ಟೆಲಿಫೋನ್ ಲೈನು. ಯಾವ ಸಂದೇಶ ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವ ಕೋಡನ್ನು ನಾನೇ ಬರೆದಿದ್ದೆ. ಒಳಗಿನ ಕೋಡೆಲ್ಲ ತೆರೆದು ಓದಬಹುದಾದಂಥ ಆಪರೇಟಿಂಗ್ ಸಿಸ್ಟಂ ಅದು. ತಿಂಗಳುಗಟ್ಟಲೆ ಓದಿ, ಕರ್ನಲ್ಲಿನ ನೆಟ್‌ವರ್ಕ್ ಭಾಗಕ್ಕೆ ನನ್ನದೊಂದು ತುಂಡು ಸೇರಿಸಿದ್ದೆ. ಆ ತುಂಡಿನ ಬಗ್ಗೆ ನನಗೆ ಜಂಬವಿತ್ತು. ನಮ್ಮ ಓಣಿಯಲ್ಲಿ ಅಂಥ ಕೆಲಸ ಮಾಡಿದವರು ಯಾರೂ ಇರಲಿಲ್ಲ, ಮಾಡಿದ್ದೇನು ಎಂದು ಕೇಳುವವರೂ ಇರಲಿಲ್ಲ.

ಹಳೆಯ ಕಂಪ್ಯೂಟರಿನಲ್ಲಿ ಆ ಕೋಡು ಒಂದು ವರ್ಷಕ್ಕೂ ಹೆಚ್ಚು ಕಾಲ ಒಂದು ದಿನವೂ ಕೈಕೊಟ್ಟಿರಲಿಲ್ಲ. ಲಾರಿಗಳು ಹೆಚ್ಚಾದವು ಎಂದು ಮ್ಯಾನೇಜರು ಬೆಂಗಳೂರಿನಿಂದ ಎರಡು ಪ್ರೊಸೆಸರಿನ ದೊಡ್ಡ ಯಂತ್ರ ತರಿಸಿದರು. ಅಲ್ಲಿಂದ ಶುರುವಾಯಿತು. ಕೆಲವು ದಿನ ಏನೂ ಆಗುತ್ತಿರಲಿಲ್ಲ. ಕೆಲವು ದಿನ ಮಧ್ಯಾಹ್ನ, ಲಾರಿಗಳ ಸಾಲು ಉದ್ದವಾದ ಹೊತ್ತಿನಲ್ಲೇ, ದಿಢೀರನೆ ಎಲ್ಲ ನಿಲ್ಲುತ್ತಿತ್ತು. ಸ್ವಿಚ್ಚು ಆರಿಸಿ ಹಾಕಿದರೆ ಮತ್ತೆ ನಡೆಯುತ್ತಿತ್ತು. ಅಷ್ಟರಲ್ಲಿ ಡ್ರೈವರುಗಳು ಕಿಟಕಿಯ ಹತ್ತಿರ ಬಂದು ಸರಳು ಬಡಿಯುತ್ತಿದ್ದರು.

"ಏನ್ರೀ, ನಿಮ್ಮ ಡಬ್ಬಾ ಮತ್ತ ಮಕ್ಕಂತಾ? ಜಲ್ದಿ ಎಬ್ಬಸ್ರೀ ಅದನ್ನ!"

ಮೊದಲು ಧೂಳಿನ ಮೇಲೆ ಅನುಮಾನಪಟ್ಟೆ. ಡಬ್ಬಿ ಬಿಚ್ಚಿ ಊದಿ ಒರೆಸಿದೆ. ಆಮೇಲೆ ಕರೆಂಟಿನ ಮೇಲೆ. ಆಮೇಲೆ ಬಿಸಿಲಿನ ಮೇಲೆ, ತಗಡಿಗೆ ತೆಂಗಿನ ಗರಿ ಹೊದಿಸಿದೆವು. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಯಾರ್ಡಿನ ಆಫೀಸಿನಲ್ಲಿ ಕೂತರೆ ಗುಡ್ಡದ ಮೇಲೆ ಈಗ ನಿಂತಿರಬಹುದು ಎನಿಸುತ್ತಿತ್ತು. ಗುಡ್ಡಕ್ಕೆ ಹೋಗಿ ಕೂತರೆ ಅದು ನೆಟ್ಟಗೆ ನಡೆಯುತ್ತಿತ್ತು. ವಾಪಸು ಬಸ್ಸು ಹತ್ತಿದರೆ ಅರ್ಧದಾರಿಯಲ್ಲಿ ಮೊಬೈಲು ಹೊಡೆದುಕೊಳ್ಳುತ್ತಿತ್ತು. ಇಳಿದು ರಸ್ತೆ ದಾಟಿ, ಎದುರಿನಿಂದ ಬರುವ ಯಾವುದಾದರೂ ಬಸ್ಸಿಗೆ ಕೈಮಾಡಿ ಮತ್ತೆ ಮೇಲಕ್ಕೆ. ಊಟಕ್ಕೆ ಕೂತರೂ ಕಾಲು ಸುಮ್ಮನಿರುತ್ತಿರಲಿಲ್ಲ. "ಯಾಕ್ಲೇ ಹಂಗ ಕಾಲು ಅಲ್ಲಾಡಸ್ತಿ? ಮೊದಲು ಉಣ್ಣು," ಎಂದು ಅವ್ವ ಬೈಯುತ್ತಿದ್ದಳು.

ಮ್ಯಾನೇಜರು ಒಂದು ದಿನ ನೇರವಾಗಿ ಕೇಳಿದರು.

"ಮೇಡಂ, ಹಳೇ ಮಷಿನ್ ಚೊಲೋ ಇತ್ತಲ್ಲ? ನಿಮ್ಮ ಪ್ರೋಗ್ರಾಮಿನಾಗೇ ಏನಾರ ಐತೇನು ನೋಡ್ರಿ."

"ಒಂದು ಸಾಲೂ ಬದಲು ಮಾಡಿಲ್ರಿ ಸರ್. ಅದೇ ಕೋಡು. ಅಲ್ಲಿ ನಡೆದದ್ದು ಇಲ್ಲಿ ಯಾಕ ನಿಲ್ತೈತ್ರಿ?"

ಹಾಗೆ ಹೇಳುವಾಗ ನನ್ನ ದನಿ ಏರಿದ್ದು ನನಗೇ ಕೇಳಿಸಿತು.

ಯಂತ್ರ ತನ್ನೊಳಗೆ ನಡೆದದ್ದನ್ನೆಲ್ಲ ಒಂದು ಕಡತದಲ್ಲಿ, ಲಾಗ್ ಅಂತೀವಲ್ಲ, ಅದರಲ್ಲಿ ಬರೆದಿಡುತ್ತದೆ. ಆದರೆ ನಿಲ್ಲುವ ಮುಂಚಿನ ಕೊನೆಯ ಸಾಲುಗಳು ಡಿಸ್ಕಿಗೆ ಬೀಳುವ ಮೊದಲೇ ಕಳೆದುಹೋಗುತ್ತಿದ್ದವು. ಹಳೆಯ ಕಂಪ್ಯೂಟರನ್ನು ಪಕ್ಕದಲ್ಲಿಟ್ಟು ಎರಡರ ನಡುವೆ ಒಂದು ಕೇಬಲ್ ಎಳೆದೆ. ಹೊಸದು ಬರೆಯುವ ಪ್ರತಿ ಸಾಲೂ ಅದೇ ಗಳಿಗೆಯಲ್ಲಿ ಹಳೆಯದಕ್ಕೆ ಬಂದು ಬೀಳುವಂತೆ ಮಾಡಿದೆ. ಎರಡು ದಿನದಲ್ಲಿ ಎರಡು ಸಲ ನಿಂತಿತು. ಎರಡೂ ಸಲ ಕೊನೆಯ ಸಾಲು ಒಂದೇ: ರೇಡಿಯೋ ಲಿಂಕ್ ಮುಚ್ಚಲಾಗಿದೆ.

ರೇಡಿಯೋ ಲಿಂಕು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಯಾರಾದರೂ ಕೈಯಿಂದ ಮುಚ್ಚಬೇಕು. ಹೊಸ ಯಂತ್ರವನ್ನು ನನ್ನ ಹೊರತು ಯಾರೂ ಮುಟ್ಟಬಾರದು ಎಂದು ಮ್ಯಾನೇಜರು ಗೋಡೆಗೆ ಚೀಟಿ ಅಂಟಿಸಿದ್ದರು. ನಾನು ಇಲ್ಲದಾಗ ಆ ಕೋಣೆಯಲ್ಲಿ ಇರುತ್ತಿದ್ದವರು ಆಪರೇಟರು ಒಬ್ಬರೇ. ಮೊದಲ ಸಲ ಅದು ನನ್ನ ಮುಂದೆಯೇ ನಿಂತದ್ದನ್ನು ನಾನು ನೆನೆಯಲಿಲ್ಲ. ನಾನು ಅವರನ್ನು ಕೇಳಲಿಲ್ಲ. ನೇರ ಮ್ಯಾನೇಜರಿಗೆ ಫೋನು ಮಾಡಿದೆ. "ಸರ್, ಕೋಡಿಂದು ಏನೂ ತಪ್ಪಿಲ್ಲ. ಯಾರೋ ಕೈ ಹಾಕ್ತಾರ. ನನ್ನ ಹತ್ರ ಲಾಗ್ ಐತ್ರಿ," ಎಂದೆ. ಎದೆಯ ಮೇಲಿನ ಭಾರ ಇಳಿದಂತಾಯಿತು, ಸುಳ್ಳು ಹೇಳುವುದಿಲ್ಲ.

ಮ್ಯಾನೇಜರು ಜೀಪಿನಲ್ಲಿ ಬಂದರು. ಆಪರೇಟರು ಎದ್ದು ನಿಂತರು.

"ನೀವೇನ್ರಿ ಮುಟ್ಟಿದ್ದು?"

"ಹೌದ್ರಿ," ಎಂದರು ಅವರು. "ಗಾಳಿ ಎದ್ದಾಗ ರೇಡಿಯೋ ಭಾಳ ವೀಕ್ ಆಕೈತ್ರಿ. ಮೆಸೇಜು ಹೋಗಂಗಿಲ್ಲ. ಲಿಂಕು ಬಂದ್ ಮಾಡಿ ಮತ್ತ ಹಾಕಿದ್ರ ಸರಿ ಆಕೈತಿ. ಹೊರಗ ಡ್ರೈವರ್ರು ಬಾಯಿಗೆ ಬಂದಂಗ ಬೈತಿದ್ರು. ಅದಕ್ಕ ಮಾಡೀನ್ರಿ."

"ಚೀಟಿ ಓದಾಕ ಬರಂಗಿಲ್ಲೇನು?"

ಬಂದ್ ಮಾಡಿ ಮತ್ತೆ ಹಾಕುವ ಆ ಎರಡು ಕಮಾಂಡುಗಳನ್ನು ಹಳೆಯ ಯಂತ್ರದ ಕಾಲದಲ್ಲಿ ಆಪರೇಟರಿಗೆ ಕಲಿಸಿದವಳು ನಾನು. ರಟ್ಟಿನ ತುಂಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಟ್ಟಿದ್ದೆ. ಅದನ್ನು ಅವರು ಹೇಳಬಹುದಿತ್ತು. ನನ್ನ ಕಡೆ ಒಂದು ಸಲ ನೋಡಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಟಿಫಿನ್ ಡಬ್ಬಿ, ಟವೆಲು, ಚಾಳೀಸಿನ ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು, ಕೆಳಗಿಳಿಯುತ್ತಿದ್ದ ಒಂದು ಲಾರಿಯಲ್ಲಿ ಹತ್ತಿ ಹೋದರು.

ಅವರ ಜಾಗಕ್ಕೆ ಬಂದವನು ಯಾವುದನ್ನೂ ಮುಟ್ಟುತ್ತಿರಲಿಲ್ಲ. ರೇಡಿಯೋ ವೀಕ್ ಆದರೆ ಆಗಲಿ ಎಂದು ಕೂತಿರುತ್ತಿದ್ದ. ಸಂದೇಶಗಳು ತಡವಾದವು, ಆದರೆ ಯಂತ್ರ ನಿಲ್ಲಲಿಲ್ಲ. "ನೋಡ್ರಿ, ನೀವು ಹೇಳಿದ್ದು ಖರೇ ಆತು," ಎಂದು ಮ್ಯಾನೇಜರು ಹೊಗಳಿದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಲಿಂಕು ಮುಚ್ಚುವುದು ಅಪರಾಧವೇನಲ್ಲ. ಮುಚ್ಚಲಿಕ್ಕೆಂದೇ ಆ ಕಮಾಂಡು ಇರುವುದು. ಮುಚ್ಚಿದರೆ ಇಡೀ ಕರ್ನಲ್ ಯಾಕೆ ನಿಲ್ಲಬೇಕು? ಹಳೆಯ ಯಂತ್ರದಲ್ಲಿ ಅವರು ನೂರಾರು ಸಲ ಮುಚ್ಚಿ ತೆರೆದಿರಬೇಕಲ್ಲ? ಈ ಪ್ರಶ್ನೆ ಬಸ್ಸಿನಲ್ಲಿ, ಬಚ್ಚಲಲ್ಲಿ, ಮಾರ್ಕೆಟ್ಟಿನಲ್ಲಿ ತರಕಾರಿ ಆರಿಸುವಾಗ ಬಂದು ಕುಟುಕುತ್ತಿತ್ತು. ಕೋಡನ್ನು ತೆರೆದು ನೋಡಿಬಿಟ್ಟರೆ ಮುಗಿಯುತ್ತಿತ್ತು. ತೆರೆಯಲಿಲ್ಲ. ಕಾರಣ ಈಗ ಗೊತ್ತಿದೆ, ಆಗಲೂ ಒಳಗೆಲ್ಲೋ ಗೊತ್ತಿತ್ತು.

ಸುಮಾರು ಹತ್ತು ದಿನದ ಮೇಲೆ ನಾನು ಗುಡ್ಡದ ಮೇಲೆ ಆ ಯಂತ್ರದ ಮುಂದೆ ಕೂತು ಅನ್ನ ಮಜ್ಜಿಗೆ ಉಣ್ಣುತ್ತಿದ್ದೆ. ಹೊಸ ಆಪರೇಟರು ಹೊರಗೆ ಬೇವಿನ ಮರದ ಕೆಳಗಿದ್ದ. ಕೆಳಗೆ ರಸ್ತೆ ಅಗಲ ಮಾಡುವವರು ಟೆಲಿಫೋನ್ ಕೇಬಲ್ ಕಡಿದರಂತೆ. ಅದು ಆಮೇಲೆ ತಿಳಿಯಿತು. ಪರದೆಯ ಮೇಲೆ ಒಂದು ಸಾಲು ಬಂತು: ಟೆಲಿಫೋನ್ ಲಿಂಕ್ ಮುಚ್ಚಲಾಗಿದೆ. ಲೈನು ಹೋದದ್ದನ್ನು ಕಂಡು ಕರ್ನಲ್ ತಾನೇ ಮುಚ್ಚಿತ್ತು. ಅದರ ಮುಂದೆ ಏನೂ ಬರಲಿಲ್ಲ. ಎಡಗೈಯಿಂದ ದೊಡ್ಡಕ್ಷರದ ಕೀಲಿ ಒತ್ತಿದೆ. ಹಸಿರು ದೀಪ ಹತ್ತಲಿಲ್ಲ.

ಯಾರೂ ಮುಟ್ಟಿರಲಿಲ್ಲ. ನನ್ನ ಬಲಗೈಯಲ್ಲಿ ತುತ್ತು ಇತ್ತು.

ಅವತ್ತೇ ನನ್ನ ಕೋಡನ್ನೆಲ್ಲ ಪ್ರಿಂಟು ತೆಗೆದೆ. ಹೊಸಪೇಟೆಯ ಬಸ್ಸಿನಲ್ಲಿ ಓದಲು ನೋಡಿದೆ, ಅಕ್ಷರ ಕುಣಿದವು. ಮರುದಿನ ಭಾನುವಾರ. ಬೆಳಿಗ್ಗೆ ಪಡಸಾಲೆಯಲ್ಲಿ ಕಾಗದ ಹರವಿ, ಪೆನ್ಸಿಲ್ ಹಿಡಿದು ಕೂತೆ. ಅಡುಗೆಮನೆಯಿಂದ ಅವ್ವ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

ನನ್ನ ಕೋಡಿನಲ್ಲಿ ಎರಡು ವಿಷಯಗಳಿಗೆ ಬೀಗ ಇತ್ತು. ಒಂದು, ಯಾವ ಸಂದೇಶಕ್ಕೆ ಯಾವ ದಾರಿ ಎಂದು ಬರೆದಿಟ್ಟ ಪಟ್ಟಿ. ಇನ್ನೊಂದು, ಲಿಂಕು. ಯಂತ್ರದೊಳಗೆ ಯಾವ ಕೆಲಸವಾದರೂ ಪಟ್ಟಿಯನ್ನು ನೋಡಬೇಕಾದರೆ ಪಟ್ಟಿಯ ಬೀಗ ಕೈಗೆ ತೆಗೆದುಕೊಳ್ಳಬೇಕು, ಲಿಂಕನ್ನು ಮುಟ್ಟಬೇಕಾದರೆ ಲಿಂಕಿನ ಬೀಗ. ಒಬ್ಬರ ಕೈಯಲ್ಲಿ ಬೀಗ ಇದ್ದರೆ ಇನ್ನೊಬ್ಬರು ಕಾಯಬೇಕು. ಈ ಕಾಯುವುದು ಪಕ್ಕಕ್ಕೆ ಸರಿದು ಮಲಗುವ ಬಗೆಯದಲ್ಲ. ಸಿಕ್ಕಿತಾ, ಸಿಕ್ಕಿತಾ ಎಂದು ಪ್ರೊಸೆಸರು ನಿಂತಲ್ಲೇ ಕೇಳುತ್ತಿರುತ್ತದೆ, ಬೇರೆ ಕೆಲಸ ಮಾಡುವುದಿಲ್ಲ. ಬೀಗ ಹಿಡಿದು ಬಿಡಲಿಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡವಾದ್ದರಿಂದ ಅದು ಸಾಮಾನ್ಯವಾಗಿ ನಡೆಯುತ್ತದೆ.

ಕಾಗದದ ಮೇಲೆ ಗೆರೆ ಎಳೆದು ಎರಡು ಸಾಲು ಮಾಡಿದೆ. ಎಡಕ್ಕೆ, ಸಂದೇಶ ಕಳಿಸುವಾಗ ನನ್ನ ಕೋಡು ಮಾಡುವುದು: ಮೊದಲು ಪಟ್ಟಿಯ ಬೀಗ, ದಾರಿ ನೋಡಿಕೊಂಡು ಆಮೇಲೆ ಲಿಂಕಿನ ಬೀಗ. ಬಲಕ್ಕೆ, ಲಿಂಕು ಮುಚ್ಚುವಾಗ ಮಾಡುವುದು: ಮೊದಲು ಲಿಂಕಿನ ಬೀಗ, ಅದರ ದಾರಿಗಳನ್ನು ಅಳಿಸಬೇಕಲ್ಲ, ಆಮೇಲೆ ಪಟ್ಟಿಯ ಬೀಗ.

ಬರೆದು ಮುಗಿಸುವ ಮೊದಲೇ ತಿಳಿಯಿತು. ಒಂದು ಪ್ರೊಸೆಸರು ಸಂದೇಶ ಕಳಿಸುತ್ತ ಪಟ್ಟಿಯ ಬೀಗ ಹಿಡಿದುಕೊಂಡು ಲಿಂಕಿನ ಬೀಗಕ್ಕೆ ಕಾಯುತ್ತಿದೆ. ಅದೇ ಗಳಿಗೆಯಲ್ಲಿ ಇನ್ನೊಂದು ಪ್ರೊಸೆಸರು ಲಿಂಕಿನ ಬೀಗ ಹಿಡಿದುಕೊಂಡು ಪಟ್ಟಿಯ ಬೀಗಕ್ಕೆ ಕಾಯುತ್ತಿದೆ. ಎರಡೂ ಬಿಡುವುದಿಲ್ಲ. ಎರಡೂ ಎಂದೆಂದಿಗೂ ಕಾಯುತ್ತವೆ. ಕೀಲಿ ಒತ್ತಿದರೆ ನೋಡಲು ಮೂರನೆಯದು ಯಾವುದೂ ಇಲ್ಲ. ಹಳೆಯ ಯಂತ್ರದಲ್ಲಿ ಇದ್ದದ್ದು ಒಂದೇ ಪ್ರೊಸೆಸರು. ಅದು ಒಂದು ಕೆಲಸವನ್ನು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗುತ್ತಿತ್ತು, ಈ ತಪ್ಪು ಮೊದಲಿನಿಂದ ಇದ್ದರೂ ಬಯಲಿಗೆ ಬರಲು ದಾರಿಯೇ ಇರಲಿಲ್ಲ. ಲಾರಿಗಳು ಹೆಚ್ಚಿದ್ದಾಗಲೇ ನಿಲ್ಲುತ್ತಿದ್ದುದೂ ಅದಕ್ಕೇ. ಸಂದೇಶಗಳು ಬಿಡುವಿಲ್ಲದೆ ಹರಿಯುತ್ತಿದ್ದರೆ ಆ ಗಳಿಗೆ ಕೂಡಿಬರುವ ಸಂಭವ ಹೆಚ್ಚು. ಮೊದಲ ಸಲ ನನ್ನ ಮುಂದೆಯೇ ನಿಂತಾಗಲೂ ಟೆಲಿಫೋನ್ ಲೈನು ಹೋಗಿರಬೇಕು.

ಎರಡೂ ಸಾಲುಗಳು ನನ್ನವೇ. ಮೇಲೆ ನನ್ನ ಹೆಸರು ಹಾಕಿಕೊಂಡಿದ್ದೆ.

ಅವ್ವ ರೊಟ್ಟಿ ತಂದಿಟ್ಟಳು. "ಯಾಕ, ಮಾರಿ ಹಿಂಗ್ಯಾಕ ಆಗೈತಿ?" ಎಂದಳು. ಏನಿಲ್ಲ ಎಂದೆ. ರೊಟ್ಟಿಯ ತಟ್ಟೆ ಪಕ್ಕಕ್ಕೆ ಸರಿಸಿ ಕಾಗದಗಳನ್ನು ಮಡಚಿದೆ.

ಸೋಮವಾರ ಮೊದಲ ಬಸ್ಸಿಗೇ ಗುಡ್ಡಕ್ಕೆ ಹೋದೆ. ಲಾರಿಗಳು ಬರುವ ಮೊದಲು ಸುಳ್ಳು ಸಂದೇಶಗಳನ್ನು ಒಂದರ ಹಿಂದೊಂದು ಹರಿಯಬಿಟ್ಟು, ಲಿಂಕನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ನೋಡಿದೆ. ಒಂದು ಚಹಾ ಕುಡಿಯುವಷ್ಟರಲ್ಲಿ ನಿಂತಿತು. ಆಮೇಲೆ ಮುಚ್ಚುವ ಕೋಡಿನ ಕ್ರಮ ಬದಲಿಸಿದೆ: ಅಲ್ಲಿಯೂ ಮೊದಲು ಪಟ್ಟಿಯ ಬೀಗ, ಆಮೇಲೆ ಲಿಂಕಿನದು. ನಾಲ್ಕೇ ನಾಲ್ಕು ಸಾಲು ಮೇಲೆ ಕೆಳಗೆ ಆದವು. ಮತ್ತೆ ಅದೇ ಪರೀಕ್ಷೆ ಹಚ್ಚಿದೆ. ಲಾರಿಗಳು ಬರುವವರೆಗೂ ನಿಲ್ಲಲಿಲ್ಲ, ಮಧ್ಯಾಹ್ನ ಸಾಲು ಉದ್ದವಾದಾಗಲೂ ನಿಲ್ಲಲಿಲ್ಲ.

ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ಎರಡು ಮೊಬೈಲು ಇಟ್ಟುಕೊಂಡಿದ್ದರು. ಒಂದನ್ನು ಕಿವಿಯಿಂದ ಇಳಿಸಿ ಕೇಳಿದರು.

"ಈಗ ನಡೀತೈತಲ್ಲ?"

"ನಡೀತೈತ್ರಿ. ಆದ್ರ ತಪ್ಪು ನಂದಿತ್ರಿ ಸರ್. ಆಪರೇಟರ್ದು ಅಲ್ಲ. ಅವ್ರನ್ನ ವಾಪಸ್ ಕರೀರಿ."

"ಚೀಟಿ ಹಚ್ಚಿದ ಮ್ಯಾಲೂ ಮುಟ್ಟಿದ್ದು ಹೌದಲ್ಲ? ಬಿಡ್ರಿ ಮೇಡಂ. ನಡದದ್ದು ನಡೀತು. ಇದನ್ನ ಮತ್ತ ಯಾರ ಮುಂದೂ ಹೇಳಾಕ ಹೋಗಬ್ಯಾಡ್ರಿ, ನಿಮ್ಮ ಹೆಸ್ರೇ ಕೆಡ್ತೈತಿ."

ಎರಡು ದಿನ ಸುಮ್ಮನಿದ್ದೆ. ಯಂತ್ರ ನಡೆಯುತ್ತಿತ್ತು, ನಾನು ಮಾತ್ರ ಕೂತಲ್ಲಿ ಕೂರಲಾರದೆ ಯಾರ್ಡಿನ ತುಂಬ ತಿರುಗುತ್ತಿದ್ದೆ. ಮೂರನೆಯ ದಿನ ರಜೆ ಹಾಕಿ ಕಂಪ್ಲಿ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಬಾಳೆಗೊನೆಗಳ ಸಮೇತ ಜನ ಹತ್ತಿದರು. ಅಲ್ಲಿಂದ ಮುಂದೆ ಗದ್ದೆಗಳು ಹಸಿರಾಗಿದ್ದವು. ಮನಸ್ಸು ನೋಡಲು ಒಪ್ಪಲಿಲ್ಲ. ಏನು ಹೇಳಬೇಕೆಂದು ಬಾಯಲ್ಲೇ ಜೋಡಿಸುತ್ತಿದ್ದೆ, ಮತ್ತೆ ಕೆಡಿಸುತ್ತಿದ್ದೆ.

ಎಮ್ಮಿಗನೂರಿನಲ್ಲಿ ಆಪರೇಟರ ಮನೆ ಕೇಳಿಕೊಂಡು ಹೋದೆ. ಬಾಗಿಲಿಗೆ ಬಂದವರು ಅವರ ಹೆಂಡತಿ. ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಗಂಟಾಯಿತು.

"ನೀವೇ ಏನು ಆ ಮೇಡಂ? ನಮ್ಮನಿಯವ್ರು ಕಂಪ್ಯೂಟರ್ ಕೆಡಿಸಿ ಬಂದಾರಂತ ಊರೆಲ್ಲ ಆಡ್ಕೋತೈತಿ. ಮತ್ತೇನು ಉಳದೈತಿ ಅಂತ ಬಂದ್ರಿ?"

ಒಳಗಿನಿಂದ ಆಪರೇಟರ ದನಿ ಬಂತು. "ಇರ್ಲಿ ಬಿಡು, ಒಳಗ ಕರಿ. ಬರ್ರಿ, ಕುಂದ್ರಿ."

ಚಾಪೆಯ ಮೇಲೆ ಕೂತೆ. "ಅಣ್ಣಾರ, ಮಷಿನ್ ನಿಲ್ತಿದ್ದದ್ದು ನಿಮ್ಮಿಂದಲ್ಲ. ನನ್ನ ಕೋಡಿನಾಗ ತಪ್ಪಿತ್ತು," ಎಂದುಬಿಟ್ಟೆ.

ಅವರು ಚಾಳೀಸು ಹಾಕಿಕೊಂಡರು. "ಏನು ತಪ್ಪು? ಬಿಡಿಸಿ ಹೇಳ್ರಿ."

ಕಾಗದ ತೆಗೆದು ಎರಡು ಸಾಲು ಬರೆದು ತೋರಿಸಿದೆ. ಅವರು ಬೆರಳಿಟ್ಟು ಎಡದ ಸಾಲು ಓದಿದರು, ಬಲದ್ದು ಓದಿದರು. ಕಾಲು ಶತಮಾನ ವೈರ್‌ಲೆಸ್ಸಿನಲ್ಲಿ ದುಡಿದವರಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಂದ್ರ ಇದು ಅದಕ್ಕ ಕಾಯ್ತೈತಿ, ಅದು ಇದಕ್ಕ ಕಾಯ್ತೈತಿ."

"ಹೌದ್ರಿ."

"ಹಂಗಾರ ನಾ ಲಿಂಕು ಬಂದ್ ಮಾಡಿದ್ದು ತಪ್ಪಲ್ಲ?"

"ಅಲ್ರಿ. ಯಾರು ಮಾಡಿದ್ರೂ ನಿಲ್ತಿತ್ತು. ಯಾರೂ ಮಾಡ್ದನೂ ನಿಲ್ತು."

ಅವರು ಹೆಂಡತಿಯನ್ನು ಕೂಗಿದರು. "ಇಲ್ಲಿ ಬಾ. ಮೇಡಂ ಏನಂತಾರ ಕೇಳು." ಆಕೆಯ ಎದುರಿಗೆ ಮತ್ತೆ ಹೇಳಿದೆ. ಆಕೆ ಒಳಗೆ ಹೋಗಿ ನೀರು ತಂದುಕೊಟ್ಟರು.

ನಾನು ನೀರು ಕುಡಿಯುವುದನ್ನೇ ನೋಡುತ್ತಿದ್ದ ಆಪರೇಟರು ಕೇಳಿದರು. "ಒಂದು ಮಾತು ಕೇಳ್ತೀನಿ. ಅವತ್ತು ಸಾಹೇಬ್ರಿಗೆ ಹೇಳೂದಕ್ಕಿಂತ ಮೊದಲು ನನ್ನನ್ನ ಯಾಕ ಕೇಳ್ಲಿಲ್ಲ? ಕೇಳಿದ್ರ ನಾ ಹೇಳ್ತಿದ್ದೆ. ಯಾವಾಗ ಮುಚ್ಚೀನಿ, ಯಾವಾಗ ನಿಂತೈತಿ, ಎಲ್ಲ ನನಗ ಗೊತ್ತಿತ್ತು."

"ನನ್ನ ಕೋಡಿನ ಮ್ಯಾಲ ಮಾತು ಬರಬಾರ್ದು ಅಂತ್ರಿ," ಎಂದೆ.

ಅವರು ಆಯ್ತು ಎಂದೂ ಅನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. "ಊಟದ ಹೊತ್ತಾಗೈತಿ. ಉಂಡು ಹೋಗ್ರಿ," ಎಂದರು. ಉಂಡೆ.

ವಾಪಸು ಕರೆದರೂ ಗುಡ್ಡಕ್ಕೆ ಬರುವ ಮನಸ್ಸು ಅವರಿಗಿರಲಿಲ್ಲ. ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸ ಖಾಲಿ ಇತ್ತಂತೆ. ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು ಗಿರಣಿಯ ಯಜಮಾನರು ಕೇಳಿದ್ದಕ್ಕೆ ಇವರು ಉತ್ತರ ಕೊಡಲಾರದೆ ಬಂದಿದ್ದರು. "ನನ್ನ ತಪ್ಪಿಲ್ಲ ಅಂತ ಒಂದು ಕಾಗದ ಸಿಕ್ಕರ ಸಾಕ್ರಿ. ಕನ್ನಡದಾಗ ಇರ್ಲಿ. ಇಲ್ಲಿಯವ್ರು ಓದಬೇಕು," ಎಂದರು.

ಮರುದಿನ ಕಂಪನಿಯ ಕಾಗದದ ಮೇಲೆ ನಾನೇ ಬರೆದೆ. ಯಂತ್ರ ನಿಲ್ಲುತ್ತಿದ್ದುದಕ್ಕೆ ಕಾರಣ ನಾನು ಬರೆದ ಕೋಡಿನ ದೋಷ, ಈ ಆಪರೇಟರರ ಕೆಲಸದಲ್ಲಿ ಲೋಪವಿರಲಿಲ್ಲ ಎಂದು. ಕೆಳಗೆ ನನ್ನ ಸಹಿ ಹಾಕಿ ಮ್ಯಾನೇಜರ ಮುಂದೆ ಇಟ್ಟೆ. ಅವರು ಓದಿ ದೂರ ಸರಿಸಿದರು.

"ಇದಕ್ಕ ನಾ ಸಹಿ ಹಾಕಂಗಿಲ್ಲ."

"ಹಂಗಾರ ನನ್ನ ರಾಜೀನಾಮೆನೂ ಬರಕೊಡ್ತೀನ್ರಿ ಸರ್."

ಧೈರ್ಯವಂತಳು ಎಂದಲ್ಲ. ಆ ದಿನಗಳಲ್ಲಿ ಹೊಸಪೇಟೆಯಲ್ಲಿ ಆ ಯಂತ್ರ ನೋಡಿಕೊಳ್ಳುವವರು ಇನ್ನೊಬ್ಬರು ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಫೋನು ಹೊಡೆದುಕೊಳ್ಳತೊಡಗಿತು. ಒಂದು ಕೈಯಲ್ಲಿ ಅದನ್ನೆತ್ತಿಕೊಂಡು ಇನ್ನೊಂದು ಕೈಯಲ್ಲಿ ಸಹಿ ಗೀಚಿ, ಹೋಗ್ರಿ ಎಂದು ಕೈ ಬೀಸಿದರು.

ಕಾಗದವನ್ನು ನಾನೇ ಕಂಪ್ಲಿಗೆ ಒಯ್ದೆ. ಗಿರಣಿಯ ಯಜಮಾನರು ಎರಡು ಸಲ ಓದಿ, "ಆತು, ನಾಳೆಯಿಂದ ಬಾರಪ್ಪ," ಎಂದರು. ಹೊರಗೆ ಬಂದ ಮೇಲೆ ಆಪರೇಟರು ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದರು, ಚಹಾ ಕುಡಿಸಿದರು. "ಬರ್ತಿರು ತಂಗೆಮ್ಮ," ಎಂದರು. ಮೇಡಂ ಅನ್ನಲಿಲ್ಲ.

ಬಸ್ಸು ಹೊರಟಿತು. ಇನ್ನಾದರೂ ನೆಮ್ಮದಿಯಾಗಬೇಕಿತ್ತು. ಕಂಪ್ಲಿ ದಾಟುವಷ್ಟರಲ್ಲಿ ನೆನಪಾಯಿತು. ನನ್ನ ಕೋಡಿನಲ್ಲಿ ಆ ಎರಡೂ ಬೀಗಗಳನ್ನು ಹಿಡಿಯುವ ಇನ್ನೊಂದು ಜಾಗ ಇದೆ. ಹಳೆಯ ದಾರಿಗಳನ್ನು ಆಗಾಗ ಪಟ್ಟಿಯಿಂದ ತೆಗೆದುಹಾಕುವ ಭಾಗ ಅದು. ಅಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಎಷ್ಟು ಯೋಚಿಸಿದರೂ ಕಣ್ಣ ಮುಂದೆ ಬರಲಿಲ್ಲ. ಹೊಸಪೇಟೆಯಲ್ಲಿ ಇಳಿದವಳು ಮನೆಗೆ ಹೋಗದೆ ಆಫೀಸಿಗೆ ನಡೆದೆ, ನಡೆಯುತ್ತ ನಡೆಯುತ್ತ ಓಡಿದೆ. ಪ್ರಿಂಟು ತೆಗೆದು ನೋಡಿದೆ.

ಮೊದಲು ಪಟ್ಟಿಯ ಬೀಗವೇ ಇತ್ತು, ಅಲ್ಲಿ ಕ್ರಮ ಸರಿಯಾಗಿತ್ತು. ಆದರೂ ಕುರ್ಚಿಯ ಮೇಲೆ ಕೂತು, ಮೊದಲ ಪುಟದಿಂದ ಮತ್ತೆ ಓದತೊಡಗಿದೆ.